ಕಠಿಣ ಸಂಧಿಗಳೂ ಸರ್ವಾಧಿಕಾರವೂ: ಮೈಸೂರು, ಚಿತ್ರದುರ್ಗಗಳ ನಿದರ್ಶನ

ಸೋತ ರಾಜ್ಯದ ಮೇಲೆ ಅದರ ಶಕ್ತಿಗೆ ಮೀರಿದ ಹೊರೆಯನ್ನು ಹೇರಿದರೆ ಅಲ್ಲಿ ಸರ್ವಾಧಿಕಾರಿಯೊಬ್ಬನು ತಲೆಯೆತ್ತುವನೆಂಬ ಮಾತು, ೧೯೧೯ರ ವರ್ಸೇಲ್ಸ್ ಸಂಧಿಯನ್ನೂ ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದುದನ್ನೂ ಜೊತೆಗಿಟ್ಟು ನೋಡುವವರಲ್ಲಿ ರೂಢವಾಗಿದೆ. ಆದರೆ ಜರ್ಮನಿಯ ಮೇಲಿನ ಯುದ್ಧಪರಿಹಾರದ ಹೊರೆಯನ್ನು ೧೯೩೨ರ ಲೋಸಾನ್ ಸಮ್ಮೇಳನವೇ ಬಹುಮಟ್ಟಿಗೆ ಇಳಿಸಿತ್ತು. ಆದುದರಿಂದ ಭಾರವೊಂದನ್ನೇ ಕಾರಣವೆನ್ನುವುದು ಸಾಲದು. ಅದನ್ನು ಹೊರಲು ಯಾರು ಮುಂದೆ ಬಂದರು, ಪ್ರತಿಯಾಗಿ ಏನನ್ನು ಪಡೆದರು ಎಂಬುದನ್ನೂ ನೋಡಬೇಕು. ಹದಿನೆಂಟನೆಯ ಶತಮಾನದ ಮೈಸೂರು, ಚಿತ್ರದುರ್ಗಗಳ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

ಮೈಸೂರಿನಲ್ಲಿ ‘ಸರ್ವಾಧಿಕಾರಿ’ ಎಂಬುದು ನಿಂದೆಯ ಮಾತಲ್ಲ, ಒಂದು ಪದವಿ. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಕಳಲೆಯ ನಂಜರಾಜನದಾಗಿತ್ತು. ಆತನ ಶಿವಭಕ್ತಿಯ ಗ್ರಂಥಗಳನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಬೊಕ್ಕಸದ ನಿರ್ವಾಹದಲ್ಲಿ ಆ ಯಶಸ್ಸು ಆತನಿಗೆ ಒದಗಲಿಲ್ಲ. ತಿರುಚಿನಾಪಳ್ಳಿಯ ದಂಡಯಾತ್ರೆಯಿಂದ ಭಂಡಾರ ಬರಿದಾಗಿದ್ದಾಗಲೇ, ೧೭೫೫ರಲ್ಲಿ, ನಿಜಾಮ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣಕ್ಕೆ ಬಂದು ೫೬ ಲಕ್ಷ ರೂಪಾಯಿಗಳಿಗೆ ಒಪ್ಪಿಸಿದನು. ದೇವಾಲಯಗಳ ಒಡವೆ ಪಾತ್ರೆಗಳನ್ನು ತೆಗೆದರೂ ಕೂಡಿದುದು ಮೂರರಲ್ಲೊಂದು ಪಾಲು. ಉಳಿದುದಕ್ಕೆ ಸಾಹುಕಾರರು ಹೊಣೆ ನಿಂತರು. ೧೭೫೭ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ೩೨ ಲಕ್ಷ ಕೇಳಿದನು. ನಗದು ಸಾಲದೆ ನಾಗಮಂಗಲ, ಕಡೂರು, ಬಾಣಾವರ, ಚಿಕ್ಕನಾಯಕನಹಳ್ಳಿ ಮೊದಲಾದ ಸೀಮೆಗಳನ್ನು ಅಡವಿಡಬೇಕಾಯಿತು. ಅಡವಿನೊಡನೆ ಅವುಗಳ ಹುಟ್ಟುವಳಿಯೂ ಹೋಯಿತು. ಸಂಬಳ ಕಾಣದ ಸೈನಿಕರು ೧೭೫೮ರಲ್ಲಿ ನಂಜರಾಜನ ಬಾಗಿಲಲ್ಲಿ ಧರಣಿ ಕುಳಿತರು.

ಲೆಕ್ಕ ನೋಡಿ ಅವರ ಬಾಕಿಯನ್ನು ತೀರಿಸಿದವನು ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರಾಲಿ. ೧೭೫೯ರಲ್ಲಿ ಮರಾಠರು ಮರಳಿ ಬಂದಾಗ ಅವರನ್ನು ತಡೆದವನೂ ಅವನೇ. ಈ ಸಲದ ಸಂಧಿಯನ್ನು ತುಸು ನಿಧಾನವಾಗಿ ಪರಿಶೀಲಿಸಬೇಕು. ಮತ್ತೆ ೩೨ ಲಕ್ಷ ಕೊಟ್ಟರೆ ಅಡವಿನ ಸೀಮೆಗಳು ಬಿಡುಗಡೆಯಾಗಬೇಕು. ಅರ್ಧವನ್ನು ನಜರಾಣೆಯಾಗಿ ಎತ್ತಿದರು. ಮಿಕ್ಕರ್ಧವನ್ನು ಸಾಹುಕಾರರು ಕೊಟ್ಟುದು ಅರಮನೆಯ ಮಾತಿನ ಮೇಲಲ್ಲ, ಹೈದರನ ಮಾತಿನ ಮೇಲೆ. ಸಾಲ ತೀರಿಸುವುದಕ್ಕಾಗಿ ಬಿಡಿಸಿಕೊಂಡ ಸೀಮೆಗಳ ಆಡಳಿತವು ಅವನ ಕೈಯಲ್ಲಿರಬೇಕೆಂಬುದು ಷರತ್ತು. ಹೀಗೆ ದಂಡೂ ಕಂದಾಯವೂ ಒಬ್ಬನಲ್ಲಿ ಕೂಡಿದುವು. ಯಾರೂ ಅವನಿಗೆ ರಾಜ್ಯವನ್ನು ಕೊಡಲಿಲ್ಲ. ಸಾಲವನ್ನು ಒಪ್ಪಿಸಿದರು, ರಾಜ್ಯವು ಅದರ ಬೆನ್ನಿಗೇ ಹೋಯಿತು. ಅದೇ ವರ್ಷ ನಂಜರಾಜನು ಅಧಿಕಾರ ಬಿಟ್ಟನು. ಖಂಡೇರಾಯನ ಪ್ರತಿತಂತ್ರ ಮುರಿದ ಬಳಿಕ, ೧೭೬೧ರಲ್ಲಿ, ದೊರೆಗೆ ೩ ಲಕ್ಷದ, ನಂಜರಾಜನಿಗೆ ೧ ಲಕ್ಷದ ಉತ್ಪತ್ತಿಯುಳ್ಳ ಸೀಮೆಗಳನ್ನು ಬಿಟ್ಟು ಮಿಕ್ಕುದನ್ನೆಲ್ಲ ಹೈದರನೇ ವಹಿಸಿಕೊಂಡನು.

ಇನ್ನು ಚಿತ್ರದುರ್ಗ. ಇಲ್ಲಿಯ ಬೇಡ ನಾಯಕರು ಹೊಳಲ್ಕೆರೆ, ಹಿರಿಯೂರುಗಳ ನಾಯಕತನದಿಂದ ಮೇಲೇರಿ ದುರ್ಗವನ್ನು ಪಡೆದವರು. ೧೬೭೫ರಲ್ಲಿ ಹೊಸದುರ್ಗದ ಕೋಟೆಯನ್ನು ಕಟ್ಟಿಸಿದವರು. ೧೭೬೨ರಲ್ಲಿ ಹೈದರನು ಇವರನ್ನು ತನ್ನ ಪೊಗದಿಗೆ ಒಳಪಡಿಸಿದನು. ಮೈಸೂರನ್ನು ಹಿಂಡಿದ ಪದ್ಧತಿಯನ್ನೇ ಅವನು ಇಲ್ಲಿ ನಡೆಸಿದನೆಂಬುದು ಗಮನಾರ್ಹ. ಮದಕರಿನಾಯಕನು ಸುಮ್ಮನೆ ತೆತ್ತು ಕೂಡುವವನಲ್ಲ; ೧೭೭೦ರಲ್ಲಿ ನಿಜಗಲ್ಲಿನ ಮುತ್ತಿಗೆಯಲ್ಲಿ ಅವನ ಬೇಡರು ಮರಾಠರ ಪಕ್ಷವಾಗಿ ಕಾದಿದರು. ೧೭೭೭ರ ಮುತ್ತಿಗೆಯು ಭಾರಿ ದಂಡದೊಡನೆ ಮುಗಿಯಿತು. ಆದರೂ ದುರ್ಗದಲ್ಲಿ ಹೈದರನಂಥವನು ಹುಟ್ಟಲಿಲ್ಲ. ಅಲ್ಲಿ ದಂಡಿನ ಒಡೆಯನೂ ಬೊಕ್ಕಸದ ಒಡೆಯನೂ ನಾಯಕನೇ. ನಡುವೆ ನಿಂತು ಹೊಣೆ ಹೊರುವ ಮೂರನೆಯವನಿಗೆ ಎಡೆಯಿರಲಿಲ್ಲ. ಮೈಸೂರಿನಲ್ಲಿ ದೊರೆತನ ಉಳಿದು ಅಧಿಕಾರ ಕೈಬದಲಾಯಿತು. ದುರ್ಗದಲ್ಲಿ ಸಂಸ್ಥಾನವೇ ಅಳಿಯಿತು. ೧೭೭೯ರಲ್ಲಿ ಒಳದ್ರೋಹದಿಂದ ಕೋಟೆ ಬಿದ್ದಾಗ ಮದಕರಿನಾಯಕನು ಪರಿವಾರಸಹಿತ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ೨೦,೦೦೦ ಬೇಡರನ್ನೂ ಆ ದ್ವೀಪಕ್ಕೇ ಸಾಗಿಸಿದರು. ಅವರ ಹುಡುಗರನ್ನು ಹೈದರನು ಮತಾಂತರಗೊಳಿಸಿ ಚೇಲಾ ಪಟಾಲಮುಗಳಲ್ಲಿ ಸೇರಿಸಿಕೊಂಡನು.