ಹಗೇವಿನಿಂದ ಪಡಿತರದ ಅಂಗಡಿಗೆ

1876–78ರ ಮಹಾಬರ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಅಂದಿನ ಹಳ್ಳಿಗೆ ಆಹಾರ ಭದ್ರತೆಯೆಂದರೆ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿ. ಮಳೆ ಮೇಲಿಂದ ಮೇಲೆ ಕೈಕೊಟ್ಟಾಗ ಹಗೇವೂ ಬರಿದಾಯಿತು.

ಕೂಡಿಟ್ಟರಷ್ಟೇ ಸಾಲದು, ಬೆಳೆಯೂ ಹೆಚ್ಚಬೇಕಿತ್ತು. ಮೈಸೂರು ಸಂಸ್ಥಾನ 1913ರಲ್ಲಿ ಕೃಷಿ ಇಲಾಖೆ ತೆರೆಯಿತು; ಲೆಸ್ಲಿ ಕೋಲ್ಮನ್ ಅದರ ಮೊದಲ ನಿರ್ದೇಶಕರಾದರು. ಸ್ವಾತಂತ್ರ್ಯಾನಂತರ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದರು. 'ಇಂಡಿಯಾ', 'ಆಫ್ರಿಕಾ' ಎರಡೂ ಆ ಹೆಸರಿನಲ್ಲಿವೆ. ಮಳೆಯಾಶ್ರಿತ ಹೊಲದಲ್ಲೂ ಇಳುವರಿ ಏರಿತು. ಬಡವರ ಮನೆಯ ಮುದ್ದೆಗೆ ಬಲ ಬಂತು.

ಆದರೆ ಬೀಜ ಕೊಟ್ಟ ಸರ್ಕಾರವೇ ಪಡಿತರದಲ್ಲಿ ಹೆಚ್ಚಾಗಿ ಅಕ್ಕಿ ಹಂಚಿತು. 2013ರ ಅನ್ನಭಾಗ್ಯದಲ್ಲಿ ಅದು ಕೆ.ಜಿ.ಗೆ ಒಂದೇ ರೂಪಾಯಿ. ಹಸಿವು ತಗ್ಗಿಸಲು ಅದು ಬೇಕೇ ಇತ್ತು, ನಿಜ. ಆದರೆ ಅಗ್ಗದ ಅಕ್ಕಿ ಮನೆಗೇ ಬರುವಾಗ ರಾಗಿ ಬಿತ್ತುವ ಉಮೇದು ಉಳಿಯುವುದು ಹೇಗೆ? ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರದಲ್ಲೇ ಹಂಚುವ ಕ್ರಮ ಈ ಪ್ರಶ್ನೆಗೆ ಸಿಕ್ಕ ಉತ್ತರ. ಬಿತ್ತನೆ, ಖರೀದಿ, ಹಂಚಿಕೆ ಒಂದೇ ಸರಪಳಿಯ ಕೊಂಡಿಗಳು. ಒಂದು ಕಳಚಿದರೂ ಹಳ್ಳಿ ತನ್ನ ಅನ್ನಕ್ಕೆ ಪರರ ಕಣಜ ನೋಡಬೇಕಾಗುತ್ತದೆ.