ತೂರಾಡುವ ಹೆಜ್ಜೆ, ಅವಸರದ ತೀರ್ಪು: ಕಿರುಮೆದುಳಿನ ಅರಿವು ನಡೆದು ಬಂದ ದಾರಿ

ಚಿಕ್ಕೋಡಿ ಸೀಮೆಯ ಯಡೂರು ಕೃಷ್ಣಾ ನದಿಯ ದಂಡೆಯ ಮೇಲಿನ ಗ್ರಾಮ. ಘಟ್ಟಗಳಲ್ಲಿ ಮಳೆ ಹೆಚ್ಚಿ ನದಿ ಉಕ್ಕಿದಾಗ ಕಲ್ಲೋಳ-ಯಡೂರು ಸೇತುವೆ ನೀರಿನಡಿ ಮುಳುಗುತ್ತದೆ. ಆಗ ಎರಡು ದಂಡೆಯ ಊರುಗಳಿಗೂ ಏನೂ ಆಗಿರುವುದಿಲ್ಲ. ಮನೆಗಳಿವೆ, ಜನರಿದ್ದಾರೆ, ಹೊಲಗಳಿವೆ. ಕಡಿದುಹೋಗಿರುವುದು ನಡುವಿನ ಸಂಪರ್ಕ ಮಾತ್ರ.

ಮನುಷ್ಯನ ದೇಹದಲ್ಲಿಯೂ ಹೀಗಾಗುವುದುಂಟು. ಬುದ್ಧಿ ಸ್ವಸ್ಥವಾಗಿರುತ್ತದೆ, ತೋಳಿನಲ್ಲಿ ಬಲವಿರುತ್ತದೆ, ನಡೆಯುವ ಇಚ್ಛೆಯೂ ಇರುತ್ತದೆ. ಆದರೂ ಹೆಜ್ಜೆ ತೂರಾಡುತ್ತದೆ, ಮಾತು ತೊದಲುತ್ತದೆ, ವುಝೂವಿನ ತಂಬಿಗೆ ಹಿಡಿಯಲು ಚಾಚಿದ ಕೈ ಗುರಿ ತಪ್ಪಿ ನೀರು ಚೆಲ್ಲುತ್ತದೆ. ನೋಡಿದವರು ‘ಕುಡಿದಿದ್ದಾನೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮದ್ಯವನ್ನು ಹರಾಮ್ ಎಂದು ನಂಬಿರುವ ನಮ್ಮ ಸಮುದಾಯದಲ್ಲಿ ಆ ಒಂದು ಮಾತು ಒಬ್ಬ ಮನುಷ್ಯನ ಮಾನವನ್ನೂ ಅವನ ಹೆಣ್ಣುಮಕ್ಕಳ ಸಂಬಂಧವನ್ನೂ ಮುರಿಯಲು ಸಾಕು. ಆದುದರಿಂದ ಆ ತೂರಾಟದ ಮೂಲವಾದ ಅಂಗವನ್ನೂ, ಅದನ್ನು ಮನುಷ್ಯ ಅರಿತುಕೊಂಡ ಇತಿಹಾಸವನ್ನೂ ನಾವು ತಿಳಿಯುವುದು ಅಗತ್ಯ.

ತಲೆಯ ಹಿಂಭಾಗದಲ್ಲಿ, ಕುತ್ತಿಗೆಗಿಂತ ತುಸು ಮೇಲೆ, ದೊಡ್ಡ ಮೆದುಳಿನ ಅಡಿಯಲ್ಲಿ ಈ ಅಂಗವಿದೆ. ಕಿರುಮೆದುಳು, ಅನುಮಸ್ತಿಷ್ಕ, ಸೆರೆಬೆಲ್ಲಮ್ ಎಂಬ ಹೆಸರುಗಳು ಅದಕ್ಕಿವೆ. ತೂಕ ಸುಮಾರು 150 ಗ್ರಾಂ, ಇಡೀ ಮೆದುಳಿನ ಹತ್ತನೆಯ ಒಂದು ಪಾಲು. ಎಡ ಬಲಗಳಲ್ಲಿ ಎರಡು ಅರ್ಧಗೋಳಗಳು. ನಡುವೆ ಹುಳುವಿನಂತೆ ಕಾಣುವ ಒಂದು ಪಟ್ಟಿ. ಇಷ್ಟು ಚಿಕ್ಕದಾದರೂ, ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇಲ್ಲಿಯೇ ಇವೆ ಎಂದು 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಣಿಸಿ ತೋರಿಸಿದರು. ಸೃಷ್ಟಿಕರ್ತನು ಎಷ್ಟೊಂದನ್ನು ಎಷ್ಟು ಇಕ್ಕಟ್ಟಿನಲ್ಲಿ ಜೋಡಿಸಿಟ್ಟಿದ್ದಾನೆ!

ಈ ಅಂಗದ ಕುರಿತ ಹಳೆಯ ವಿವರಣೆಗಳಲ್ಲಿ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್‌ನದು ಪ್ರಮುಖವಾದುದು. ಅರಬರು ಅವನನ್ನು ಜಾಲೀನೂಸ್ ಎಂದರು. ಅವನು ಕೋತಿ, ಹಂದಿ, ಎತ್ತು ಮುಂತಾದ ಪ್ರಾಣಿಗಳನ್ನು ಛೇದಿಸಿ ನೋಡಿದ್ದ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಅವರ ಸಂಗಡಿಗರು ಅವನ ಗ್ರಂಥಗಳನ್ನು ಸಿರಿಯಾಕ್ ಹಾಗೂ ಅರಬಿ ಭಾಷೆಗಳಿಗೆ ತಂದರು. ಹುನೈನ್ ಕ್ರೈಸ್ತರು, ಅವರಿಗೆ ಆಶ್ರಯ ಕೊಟ್ಟವರು ಮುಸ್ಲಿಮ್ ಖಲೀಫರು. ಅದೇ ಪರಂಪರೆಯ ಕುಸ್ತಾ ಇಬ್ನ್ ಲೂಕಾ ಎಂಬ ವಿದ್ವಾಂಸರು, ಮೆದುಳಿನ ಹುಳುವಿನಂಥ ಭಾಗವು ನೆನಪಿನ ಕೋಣೆಗೆ ಕದವಾಗಿದೆ ಎಂದು ಬರೆದರು. ಮರೆತದ್ದನ್ನು ನೆನೆಯುವವನು ತಲೆ ಎತ್ತುವುದೂ ಆಲೋಚಿಸುವವನು ತಲೆ ತಗ್ಗಿಸುವುದೂ ಆ ಕದ ತೆರೆದು ಮುಚ್ಚುವುದರಿಂದ ಎಂಬುದು ಅವರ ವಿವರಣೆ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಮೆದುಳಿನ ಮುಂಭಾಗ ಮೃದುವೆಂದೂ ಹಿಂಭಾಗ ಗಟ್ಟಿಯೆಂದೂ, ಚಲನೆಯ ನರಗಳು ಹಿಂಭಾಗದ ಕಡೆಯಿಂದ ಹೊರಡುತ್ತವೆಂದೂ ಹೇಳಿದರು.

ಇದರಲ್ಲಿ ಸರಿಯೂ ಇತ್ತು, ತಪ್ಪೂ ಇತ್ತು. ಹುಳುವಿನಂಥ ಭಾಗ ಕದವಲ್ಲವೆಂದು ಇಂದು ನಮಗೆ ತಿಳಿದಿದೆ. ನಮ್ಮ ಪೂರ್ವಿಕರು ಎಲ್ಲವನ್ನೂ ಅಂದೇ ಕಂಡುಹಿಡಿದಿದ್ದರೆಂದು ಹೆಮ್ಮೆಪಡುವ ಬರಹಗಳು ಇಂದು ಕೈಯಿಂದ ಕೈಗೆ ಹರಿದಾಡುತ್ತವೆ. ಆದರೆ ಅವರ ನಿಜವಾದ ಹಿರಿಮೆ ಬೇರೆಯೇ ಆಗಿದೆ. ಸುಮಾರು 1200ರಲ್ಲಿ ಈಜಿಪ್ಟಿನಲ್ಲಿ ಭೀಕರ ಕ್ಷಾಮ ಬಂದಾಗ ಅಬ್ದುಲ್ಲತೀಫ್ ಅಲ್ ಬಗ್ದಾದಿ ಎಂಬ ವೈದ್ಯರು ರಾಶಿಬಿದ್ದ ಎಲುಬುಗಳನ್ನು ಪರೀಕ್ಷಿಸಿದರು. ಕೆಳದವಡೆ ಎರಡು ಎಲುಬುಗಳ ಜೋಡಣೆ ಎಂದು ಗೇಲನ್ ಹೇಳಿದ್ದ. ಅವರು ನೋಡಿದ ಯಾವ ದವಡೆಯಲ್ಲೂ ಜೋಡಣೆ ಇರಲಿಲ್ಲ. ಗುರುವಿನ ಮೇಲಿನ ಗೌರವವನ್ನು ಉಳಿಸಿಕೊಂಡೇ, ಕಣ್ಣಾರೆ ಕಂಡ ಸಾಕ್ಷ್ಯ ಅವನ ಮಾತಿಗಿಂತ ಮೇಲೆಂದು ಅವರು ಬರೆದರು.

ಈ ವೈದ್ಯಪರಂಪರೆ ನಮ್ಮ ನೆಲಕ್ಕೂ ಬಂದಿತು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ (1436-1458) ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ, ಅದರ ವೆಚ್ಚಕ್ಕೆ ಹಳ್ಳಿಗಳ ಆದಾಯ ಬಿಟ್ಟು, ಹಿಂದೂ ಮತ್ತು ಮುಸ್ಲಿಮ್ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಇತಿಹಾಸಕಾರ ಫಿರಿಸ್ತಾ ದಾಖಲಿಸಿದ್ದಾನೆ. ಸ್ವತಃ ಫಿರಿಸ್ತಾ ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯದಲ್ಲಿದ್ದು, ಭಾರತೀಯ ವೈದ್ಯರ ಜ್ಞಾನವನ್ನು ಸಂಗ್ರಹಿಸಿ ‘ದಸ್ತೂರುಲ್ ಅತಿಬ್ಬಾ’ ಎಂಬ ಪಾರಸಿ ಗ್ರಂಥ ಬರೆದನು. ಇತರರಿಂದ ಕಲಿಯುವುದನ್ನು ಅವರು ಅವಮಾನವೆಂದು ಎಣಿಸಲಿಲ್ಲ.

ಮುಂದಿನ ಹೆಜ್ಜೆಗಳು ಯುರೋಪಿನಲ್ಲಿ ನಡೆದವು. 1573ರಲ್ಲಿ ಇಟಲಿಯ ವರೋಲಿಯೊ ಮೆದುಳನ್ನು ಅಡಿಯಿಂದ ಪರೀಕ್ಷಿಸಿ, ಕಿರುಮೆದುಳಿನ ಮುಂದೆ ಅಡ್ಡಲಾಗಿ ಹಾಯ್ದ ಉಬ್ಬನ್ನು ಸೇತುವೆಗೆ ಹೋಲಿಸಿದನು. ಇಂದಿಗೂ ಅದರ ಹೆಸರು ಪಾನ್ಸ್, ಅಂದರೆ ಲ್ಯಾಟಿನ್‌ನಲ್ಲಿ ಸೇತುವೆ. 1824ರಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಪಾರಿವಾಳಗಳ ಕಿರುಮೆದುಳನ್ನು ತೆಗೆದಾಗ ಅವು ನೋಡುತ್ತಿದ್ದವು, ಕೇಳುತ್ತಿದ್ದವು, ಚಲಿಸಲು ಬಯಸುತ್ತಿದ್ದವು. ಆದರೆ ಕುಡಿದವರಂತೆ ತೂರಾಡಿದವು. ಇಚ್ಛೆ ಬೇರೆ, ಚಲನೆಯ ಹೊಂದಾಣಿಕೆ ಬೇರೆ ಎಂಬ ಸತ್ಯ ಆಗ ಸ್ಪಷ್ಟವಾಯಿತು. 1837ರಲ್ಲಿ ಪುರ್ಕಿಂಜೆ ಇಲ್ಲಿನ ದೊಡ್ಡ ನರಕೋಶಗಳನ್ನು ವರ್ಣಿಸಿದನು. 1888ರಲ್ಲಿ ಸ್ಪೇನಿನ ಕಹಾಲ್ ಹಕ್ಕಿಯ ಕಿರುಮೆದುಳನ್ನು ನೋಡಿಯೇ, ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿಬಿಡಿಯಾದ ಘಟಕಗಳೆಂದು ತೋರಿಸಿದನು. ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್, ಕಿರುಮೆದುಳಿನ ಯಾವ ಬದಿಗೆ ಪೆಟ್ಟಾಗಿದೆಯೋ ದೇಹದ ಅದೇ ಬದಿ ಹಿಡಿತ ತಪ್ಪುವುದನ್ನು 1917ರಲ್ಲಿ ವಿವರಿಸಿದನು.

ಅದೇ ಬದಿ ಏಕೆ? ಕಿರುಮೆದುಳಿಗೆ ಪ್ರತಿ ಬದಿಯಲ್ಲೂ ಮೂರು ನರದಾರಿಗಳಿವೆ. ಬಲಗಡೆಯ ದೊಡ್ಡ ಮೆದುಳು ಎಡಗೈಗೆ ಆಜ್ಞೆ ಕೊಡುವಾಗ, ಅದರ ಒಂದು ಪ್ರತಿ ‘ಸೇತುವೆ’ಯಲ್ಲಿ ಬದಿ ದಾಟಿ, ನಡುವಿನ ದಾರಿಯಿಂದ ಎಡ ಕಿರುಮೆದುಳನ್ನು ಸೇರುತ್ತದೆ. ಕೈ ನಿಜವಾಗಿ ಎಲ್ಲಿದೆ ಎಂಬ ವರದಿ ಬೆನ್ನುಹುರಿಯಿಂದ ಮುಖ್ಯವಾಗಿ ಕೆಳಗಿನ ದಾರಿಯಲ್ಲಿ ಬರುತ್ತದೆ. ಪುರ್ಕಿಂಜೆ ಕೋಶಗಳು ಇವೆರಡನ್ನೂ ತೂಗುತ್ತವೆ. ಒಂದೊಂದು ಕೋಶಕ್ಕೂ ಲಕ್ಷಕ್ಕಿಂತ ಹೆಚ್ಚು ಸಣ್ಣ ತಂತುಗಳಿಂದ ಸುದ್ದಿ ಬರುತ್ತದೆ. ಬಳ್ಳಿಯಂತೆ ಹಬ್ಬಿಕೊಳ್ಳುವ ಒಂದೇ ಒಂದು ಬಲವಾದ ತಂತು ತಪ್ಪನ್ನು ಎಚ್ಚರಿಸುತ್ತದೆ. ತಿದ್ದಿದ ಉತ್ತರವು ಒಳಗಿನ ನರಗಂಟುಗಳಿಂದ ಮೇಲಿನ ದಾರಿಯಲ್ಲಿ ಹೊರಟು, ಮತ್ತೆ ಬದಿ ದಾಟಿ, ಥಾಲಮಸ್ ಮೂಲಕ ಬಲ ಮೆದುಳಿಗೆ ಮರಳುತ್ತದೆ. ಅಲ್ಲಿಂದ ಹೊರಟ ಆಜ್ಞೆ ಬೆನ್ನುಹುರಿಯತ್ತ ಇಳಿಯುವಾಗ ಇನ್ನೊಮ್ಮೆ ಬದಿ ದಾಟಿ ಎಡಗೈಗೆ ಬರುತ್ತದೆ. ರುಕೂವಿನಿಂದ ನೆಟ್ಟಗಾಗಿ ಸುಜೂದ್‌ಗೆ ಇಳಿಯುವ ಆ ಕ್ಷಣಗಳಲ್ಲಿ, ನಮಗೆ ಅರಿವೇ ಇಲ್ಲದಂತೆ ಈ ತಿದ್ದುಪಡಿ ನಡೆಯುತ್ತಲೇ ಇರುತ್ತದೆ.

ಮದ್ಯವು ಈ ಅಂಗವನ್ನೇ ಕೆಡಿಸುವುದರಿಂದ ಕುಡುಕ ತೂರಾಡುತ್ತಾನೆ. ಪಾರ್ಶ್ವವಾಯು, ಗಡ್ಡೆ, ಕೆಲವು ಔಷಧಿಗಳ ಅತಿಪ್ರಮಾಣ, ಕೆಲವು ಜೀವಸತ್ವಗಳ ಕೊರತೆ ಹಾಗೂ ವಂಶಪಾರಂಪರ್ಯ ರೋಗಗಳಿಂದಲೂ ಅದೇ ತೂರಾಟ ಬರುತ್ತದೆ. ಇದನ್ನು ವೈದ್ಯರು ಅಟಾಕ್ಸಿಯಾ ಎನ್ನುತ್ತಾರೆ. ಇಂಥ ವಂಶಪಾರಂಪರ್ಯ ರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆಯೂ ಸಂಶೋಧನೆಯೂ ನಡೆಯುತ್ತಿವೆ. ಇವುಗಳಲ್ಲಿ ಕೆಲವು, ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ತೂರಾಟ ಹಠಾತ್ತನೆ ಆರಂಭವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕುಡಿತವೆಂದು ಮೂಲೆಯಲ್ಲಿ ಮಲಗಿಸಿದರೆ ಪ್ರಾಣವೇ ಹೋಗಬಹುದು.

ಹೊರಗಣ್ಣಿಗೆ ಎರಡೂ ಒಂದೇ. ಆದುದರಿಂದಲೇ ನಾವು ನಮ್ಮ ಧರ್ಮದ ಬೋಧನೆಗೆ ಮರಳಬೇಕು. ಅತಿಯಾದ ಗುಮಾನಿಯನ್ನೂ ಪರರ ದೋಷ ಹುಡುಕುವುದನ್ನೂ ಕುರ್‌ಆನ್ ಸೂರಃ ಹುಜುರಾತ್‌ನಲ್ಲಿ ತಡೆದಿದೆ. ಅನಾರೋಗ್ಯದಲ್ಲಿದ್ದ ಇಮ್ರಾನ್ ಇಬ್ನ್ ಹುಸೈನ್(ರ)ರಿಗೆ ಪ್ರವಾದಿ(ಸ)ರವರು, ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಲು ಕಲಿಸಿದರೆಂದು ಸಹೀಹುಲ್ ಬುಖಾರಿಯಲ್ಲಿದೆ. ಸಫ್ಫಿನಲ್ಲಿ ಕುರ್ಚಿ ಹಾಕಿ ಕುಳಿತವನನ್ನು ಓರೆಗಣ್ಣಿನಿಂದ ನೋಡುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಕಿರುಮೆದುಳಿನ ಬಗ್ಗೆ ಮಹಾವಿದ್ವಾಂಸರೇ ಶತಮಾನಗಳ ಕಾಲ ತಪ್ಪು ತಿಳಿದಿದ್ದರು. ಮರಳಿ ನೋಡಿದವರು ತಿದ್ದಿಕೊಂಡರು. ಹಾದಿಯಲ್ಲಿ ತೂರಾಡುವ ನೆರೆಯವನನ್ನು ಕಂಡಾಗ ನಾವೂ ಮರಳಿ ನೋಡೋಣ. ಮೊದಲು ಅವನ ಕೈ ಹಿಡಿಯೋಣ, ಅನಂತರ ಕಾರಣ ಕೇಳೋಣ. ನೆಟ್ಟಗೆ ನಿಲ್ಲುವ ನಮ್ಮ ಕಾಲುಗಳಿಗಾಗಿ ಅಲ್ಲಾಹನಿಗೆ ಕೃತಜ್ಞರಾಗುವ ಬುದ್ಧಿಯನ್ನೂ, ನಿಲ್ಲಲಾಗದವರಿಗೆ ಆಸರೆಯಾಗುವ ಮನಸ್ಸನ್ನೂ ಅವನು ನಮಗೆ ದಯಪಾಲಿಸಲಿ. ಆಮೀನ್.