ಧಾರೆ, ಪ್ರಸ್ತ ಮತ್ತು ಪಾಠಶಾಲೆ

ಮೈಸೂರು ಸಂಸ್ಥಾನದ ಬಾಲ್ಯವಿವಾಹದ ಚರಿತ್ರೆಯನ್ನು ಬರೆಯಹೊರಟವರು ಧಾರೆಯ ಮುಹೂರ್ತದಲ್ಲಿ ವಧುವಿಗೆ ಎಷ್ಟು ವರ್ಷವಾಗಿತ್ತೆಂಬುದನ್ನೇ ಮುಖ್ಯವಾಗಿ ವಿಚಾರಿಸುವುದುಂಟು. ಆದರೆ ಹುಡುಗಿಯ ಓದು ನಿಂತದ್ದೂ ಆಕೆ ಎಳೆಯ ಪ್ರಾಯದಲ್ಲೇ ತಾಯಿಯಾದದ್ದೂ ಬಹುಮಟ್ಟಿಗೆ ಧಾರೆಯಿಂದಲ್ಲ, ಕೆಲವು ವರ್ಷಗಳ ತರುವಾಯ ನೆರವೇರುತ್ತಿದ್ದ ಪ್ರಸ್ತದಿಂದ, ಎಂದರೆ ದಂಪತಿಗಳನ್ನು ಕೂಡಿಸುವ ಶಾಸ್ತ್ರದಿಂದ, ಎಂಬುದನ್ನು ಮರೆತರೆ ಆ ಕಾಲದ ಶಾಸನಗಳ ಮರ್ಮವಾಗಲಿ ಅವುಗಳ ವೈಫಲ್ಯವಾಗಲಿ ತಿಳಿಯದು.

ಬ್ರಾಹ್ಮಣರೇ ಮೊದಲಾದ ಕೆಲವು ಜಾತಿಗಳಲ್ಲಿ ಋತುಮತಿಯಾಗುವ ಮುನ್ನವೇ ಕನ್ಯಾದಾನವಾಗಬೇಕೆಂಬ ಕಟ್ಟಳೆಯಿತ್ತು. ತಾಳಿ ಕಟ್ಟಿಸಿಕೊಂಡ ಹುಡುಗಿ ಹಬ್ಬಹುಣ್ಣಿಮೆಗಳಲ್ಲಿ ಅತ್ತೆಮನೆಗೆ ಹೋಗಿಬರುತ್ತ ತವರಿನಲ್ಲಿಯೇ ಬೆಳೆಯುವಳು. ಮೈನೆರೆದ ಮೇಲೆ ಒಸಗೆ, ಹಾಡುಹಸೆ, ಆರತಿ. ಬಳಿಕ ಒಳ್ಳೆಯ ದಿನ ನೋಡಿ ನಿಷೇಕ, ಅದೇ ಪ್ರಸ್ತ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಅರಮನೆಯ ಆಶ್ರಯದಿಂದಲೂ ಮೈಸೂರಿನಲ್ಲಿ ಹುಟ್ಟಿದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯಂಥ ಸಂಸ್ಥೆಗಳಿಗೆ ಈ ವರ್ಗದ ಹೆಣ್ಣುಮಕ್ಕಳು ದೊರೆತ ಕಾಲವೆಂದರೆ ಬಹುಮಟ್ಟಿಗೆ ಇದೇ ನಡುಗಾಲ. ಕೊರಳಲ್ಲಿ ಕರಿಮಣಿ, ಕೈಯಲ್ಲಿ ಹಲಗೆ ಬಳಪ: ಅಂದಿನ ತರಗತಿಯಲ್ಲಿ ಇದು ಯಾರೂ ಬೆರಗಾಗುವ ನೋಟವಲ್ಲ. ‘ದೊಡ್ಡವಳಾದಳು’ ಎಂಬ ಸುದ್ದಿ ಬೀಗರ ಮನೆಗೆ ಮುಟ್ಟಿದೊಡನೆ ಹಲಗೆ ಗೂಡು ಸೇರುತ್ತಿತ್ತು.

ಬ್ರಿಟಿಷ್ ಇಂಡಿಯಾದ 1891ರ ಸಮ್ಮತಿ ವಯಸ್ಸಿನ ಕಾನೂನು ಕೈಯಿಟ್ಟದ್ದು ಈ ಪ್ರಸ್ತದ ಮೇಲೆಯೇ. ಬಂಗಾಳದಲ್ಲಿ ಫೂಲಮಣಿಯೆಂಬ ಎಳೆಯ ಪತ್ನಿ ಗಂಡನ ಸಂಗದಿಂದ ಮೃತಳಾದ ಮೇಲೆ ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೇರಿತು. ಗರ್ಭಾಧಾನ ಸಂಸ್ಕಾರಕ್ಕೆ ಭಂಗ ಬಂದಿತೆಂದು ಪುಣೆಯಲ್ಲಿ ತಿಲಕರಾದಿಯಾಗಿ ಅನೇಕರು ಪ್ರತಿಭಟಿಸಿದರು. ಮೈಸೂರು ಹಿಡಿದದ್ದು ಬೇರೆ ದಾರಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1894ರಲ್ಲಿ ಹೊರಟ ಶಿಶುವಿವಾಹ ಪ್ರತಿಬಂಧಕ ರೆಗ್ಯುಲೇಷನ್ ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸುವುದನ್ನೂ ನಿಷೇಧಿಸಿತು. ಇದು ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹವನ್ನು ತಡೆಯಲು ಆದ ಸಾರದಾ ಕಾಯಿದೆಗಿಂತ ಮೂವತ್ತೈದು ವರ್ಷ ಹಿರಿದೆಂದು ನಾವು ಅಭಿಮಾನ ಪಡುವುದು ಯುಕ್ತವೇ. ಆದರೆ ನಲವತ್ತೊಂಬತ್ತರ ವರನಿಗೆ ಒಂಬತ್ತರ ಕನ್ಯೆಯನ್ನು ಧಾರೆಯೆರೆಯಲು ಈ ಶಾಸನದಲ್ಲಿ ಅಡ್ಡಿಯಿರಲಿಲ್ಲ ಎಂಬುದನ್ನೂ ಕೂಡಿಸಿ ಹೇಳಬೇಕು. ಪ್ರಸ್ತದ ಗೋಜಿಗಂತೂ ಅದು ಹೋಗಲಿಲ್ಲ.

ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟೆಂದು ವಿಧಿಸಿದ ಹರಬಿಲಾಸ ಸಾರದಾ ಅವರ ಕಾಯಿದೆ 1930ರ ಏಪ್ರಿಲ್ ಒಂದರಿಂದ ಜಾರಿಗೆ ಬರುವುದೆಂದು ತಿಳಿದದ್ದೇ ತಡ, ಅದಕ್ಕೆ ಮೊದಲೇ ಮಕ್ಕಳ ಮದುವೆ ಮುಗಿಸಿಬಿಡುವ ಧಾವಂತ ದೇಶದ ಅನೇಕ ಕಡೆ ಕಂಡಿತು. ಧಾರವಾಡ, ಬಳ್ಳಾರಿ, ಮಂಗಳೂರುಗಳಿಗೆ ಅನ್ವಯಿಸಿದ ಈ ಕಾನೂನು ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸಲಿಲ್ಲ.

ಮುಂದೆ ಮದುವೆಯ ವಯಸ್ಸೇರಿದಂತೆ ಧಾರೆಗೂ ಪ್ರಸ್ತಕ್ಕೂ ನಡುವಿನ ಅವಧಿ ಕರಗಿತು; ಮದುವೆಯ ದಿನವೇ ಶಾಲೆ ಬಿಡುವ ದಿನವಾಯಿತು. 1978ರಲ್ಲಿ ಹೆಣ್ಣಿಗೆ ಹದಿನೆಂಟೆಂದು ನಿಯಮವಾದರೂ, ಹದಿನೈದು ತುಂಬಿದ ಪತ್ನಿಯ ವಿಷಯದಲ್ಲಿ ದಂಡಸಂಹಿತೆ ಅತ್ಯಾಚಾರದ ಆರೋಪದಿಂದ ಗಂಡನಿಗೆ ಕೊಟ್ಟಿದ್ದ ವಿನಾಯಿತಿ 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೂ ಉಳಿದಿತ್ತು. ಕರ್ನಾಟಕವು ಬಾಲ್ಯವಿವಾಹ ನಿಷೇಧ ಕಾಯಿದೆಗೆ ತಂದ ತನ್ನ ತಿದ್ದುಪಡಿಯಿಂದ ಬಾಲ್ಯವಿವಾಹಗಳನ್ನು ಮೂಲತಃ ಅಸಿಂಧುವೆಂದು ಸಾರಿದ ಮೇಲೆಯೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಸ್ತ್ರೀಯರಲ್ಲಿ ಶೇ. 21.3ರಷ್ಟು ಮಂದಿ ಹದಿನೆಂಟರೊಳಗೆ ಮದುವೆಯಾದವರೇ.

ಈ ಚರಿತ್ರೆಯ ಸಾಕ್ಷ್ಯ ಕಾನೂನಿನ ಗ್ರಂಥಗಳಲ್ಲಿರುವುದಕ್ಕಿಂತ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳಲ್ಲಿ, ಹೆಸರು ಹೊಡೆದುಹಾಕಿದ ತಾರೀಖುಗಳಲ್ಲಿ ಅಡಗಿದೆ. ಶತಮಾನ ಕಂಡ ಕನ್ಯಾಶಾಲೆಗಳ ಮುಖ್ಯೋಪಾಧ್ಯಾಯರು ಆ ಪುಸ್ತಕಗಳನ್ನು ರದ್ದಿಗೆ ಹಾಕದೆ ಉಳಿಸಿಕೊಡಬೇಕೆಂದು ಪ್ರಾರ್ಥನೆ.